ಕಾಫಿ ಕುಯಿಲಿನ ಹೊತ್ತಿಗೆ ಕಾಗದಪತ್ರದ ಪ್ರಶ್ನೆ

ಹೊರರಾಜ್ಯದ ಆಳು, ಪೊಲೀಸರ ತಪಾಸಣೆ, ಸಂಘಟನೆಗಳ ಪ್ರತಿಭಟನೆ: ನಡುವೆ ನಿಂತ ಬೆಳೆಗಾರ ಮಾಡಬೇಕಾದ್ದೇನು?

ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಯ ಕಡೆಗೆ ಏರುವ ರಸ್ತೆಯಲ್ಲಿ ಸಿಗುವ ಊರು ಅತ್ತಿಗುಂಡಿ. ಸುತ್ತಲೂ ಕಡಿದಾದ ಇಳಿಜಾರಿನ ಅರೇಬಿಕಾ ತೋಟಗಳು. ಎತ್ತರದ ಜಾಗವಾದ್ದರಿಂದ ಇಲ್ಲಿ ಹಣ್ಣು ತಗ್ಗಿನ ತೋಟಗಳಿಗಿಂತ ತುಸು ತಡವಾಗಿ ಕೆಂಪಾಗುತ್ತದೆ. ಯಂತ್ರ ನಡೆಯುವ ನೆಲ ಇದಲ್ಲ. ಗಿಡದಿಂದ ಗಿಡಕ್ಕೆ ಕಾಲೂರಿ, ಹಣ್ಣಾದದ್ದನ್ನು ಆರಿಸಿ, ಹಸಿರುಕಾಯಿಯನ್ನು ಬಿಟ್ಟು ಕೀಳಲು ಮನುಷ್ಯರ ಕೈಯೇ ಬೇಕು. ಆ ಕೈಗಳು ಈಗ ಎಲ್ಲಿಂದ ಬರುತ್ತವೆ, ಅವು ಯಾರವು ಎಂಬ ಪ್ರಶ್ನೆ ಮಲೆನಾಡಿನ ತೋಟಗಳಲ್ಲಿ ಬೆಲೆ ಮತ್ತು ಮಳೆಯಷ್ಟೇ ದೊಡ್ಡ ಚರ್ಚೆಯಾಗಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಅನೇಕ ತೋಟಗಳ ಲೈನ್ ಮನೆಗಳಲ್ಲಿ ಇಂದು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಒಡಿಶಾ ಕಡೆಯ ಕುಟುಂಬಗಳಿವೆ. ಇವರಲ್ಲಿ ಬಂಗಾಳಿ ಮಾತನಾಡುವವರ ಮೇಲೆ, ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರೇನೋ ಎಂಬ ಸಂಶಯ ಆಗಾಗ ಎದ್ದೇಳುತ್ತದೆ. ತಪಾಸಣೆ ನಡೆಸಿ ಹೊರಹಾಕಿ ಎಂದು ಒಂದು ಕಡೆ ಒತ್ತಾಯ. ಬಡ ಕೂಲಿಗಾರರನ್ನು ಭಾಷೆ, ಧರ್ಮ ನೋಡಿ ಪೀಡಿಸಬೇಡಿ ಎಂದು ಇನ್ನೊಂದು ಕಡೆ ಒತ್ತಾಯ. ಎರಡೂ ಕಡೆಯವರು ಬೀದಿಗಿಳಿಯುವುದುಂಟು. ಪೊಲೀಸರು ನಡುವೆ. ಹಣ್ಣು ಮಾತ್ರ ಯಾರಿಗೂ ಕಾಯುವುದಿಲ್ಲ.

ಅತ್ತಿಗುಂಡಿಯ ದಾರಿಗೆ ಬಂದೋಬಸ್ತು ಹೊಸದಲ್ಲ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಗಿರಿಯ ರಸ್ತೆಯಲ್ಲಿ ಸಾವಿರಾರು ಜನ, ತನಿಖಾ ಠಾಣೆ, ಪೊಲೀಸ್ ಪಡೆ ಎಲ್ಲವೂ ಇರುತ್ತವೆ. ಅದೂ ಕುಯಿಲಿನ ಕಾಲವೇ. ಆ ದಿನಗಳಲ್ಲಿ ಲಾರಿ, ಜೀಪುಗಳ ಓಡಾಟವನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳುವುದನ್ನು ಇಲ್ಲಿಯ ಬೆಳೆಗಾರರು ಕಲಿತಿದ್ದಾರೆ. ಕಾಗದಪತ್ರದ ವಿಷಯದಲ್ಲೂ ಅಂಥ ಮುಂದಾಲೋಚನೆ ಬೇಕಾಗಿದೆ.

ಹಣ್ಣು ನೆಲಕ್ಕೆ ಬಿದ್ದರೆ

ತಪಾಸಣೆಯ ಸುದ್ದಿ ಹಬ್ಬಿದರೆ ಆಳುಗಳು ಹೆದರಿ ರಾತ್ರೋರಾತ್ರಿ ಜಾಗ ಖಾಲಿ ಮಾಡುವುದುಂಟು. ಓಡಿದವರೆಲ್ಲ ಅಕ್ರಮ ವಲಸಿಗರೆಂದು ತಿಳಿಯಬೇಕಾಗಿಲ್ಲ. ಭಾಷೆ ಬಾರದ ಊರಿನಲ್ಲಿ, ಕೈಯಲ್ಲಿ ಒಂದು ಕಾರ್ಡು ಮಾತ್ರ ಇರುವವನಿಗೆ ಠಾಣೆಯ ಹೆಸರೇ ಸಾಕು.

ಅರೇಬಿಕಾವನ್ನು ಒಂದೇ ಸಲಕ್ಕೆ ಕುಯ್ಯುವಂತಿಲ್ಲ. ಹತ್ತು ಹದಿನೈದು ದಿನಗಳ ಅಂತರದಲ್ಲಿ ನಾಲ್ಕಾರು ಸುತ್ತು ಬೇಕು. ಒಂದು ಸುತ್ತು ತಪ್ಪಿದರೆ ಹಣ್ಣು ಬಲಿತು ಉದುರುತ್ತದೆ, ಇಲ್ಲವೆ ಗಿಡದಲ್ಲೇ ಒಣಗುತ್ತದೆ. ಕುಯ್ದ ಹಣ್ಣನ್ನು ಆ ದಿನವೇ ಪಲ್ಪಿಂಗ್ ಮಾಡದಿದ್ದರೆ ಪಾರ್ಚ್‌ಮೆಂಟಿನ ಗುಣ ಕೆಡುತ್ತದೆ. ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಕಾಫಿಬೀಜ ಸಿಗುವ ಲೆಕ್ಕದಲ್ಲಿ, ದಿನಕ್ಕೆ ಇಪ್ಪತ್ತು ಆಳು ಕಡಿಮೆಯಾದರೆ ನಷ್ಟವೆಷ್ಟು ಎಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ಬೆರಳೆಣಿಸಿ ಹೇಳಬಲ್ಲ.

ನಷ್ಟ ಆ ವರ್ಷಕ್ಕೇ ಮುಗಿಯುವುದಿಲ್ಲ. ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣೇ ಕಾಯಿಕೊರಕದ ತವರು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲಿ ಮೊದಲು ಕಂಡ ಈ ಕೀಟ ಉಳಿಕೆ ಹಣ್ಣಿನೊಳಗೆ ಜೀವ ಹಿಡಿದಿದ್ದು, ಮುಂದಿನ ಫಸಲಿಗೆ ಏರುತ್ತದೆ. ಕೊನೆಯ ಸುತ್ತಿನಲ್ಲಿ ಗಿಡ ಬರಿದು ಮಾಡಿ, ಉದುರು ಹಣ್ಣು ಆರಿಸದೆ ಬಿಟ್ಟ ತೋಟ ಪಕ್ಕದ ತೋಟಕ್ಕೂ ಶತ್ರು. ಆದ್ದರಿಂದ ಆಳಿನ ಪ್ರಶ್ನೆ ಒಬ್ಬ ಮಾಲೀಕನದಲ್ಲ, ಇಡೀ ಸೀಮೆಯದು.

ಆಳು ಎಂದೂ ದೂರದಿಂದಲೇ

ತೋಟಕ್ಕೆ ಹೊರಗಿನ ಆಳು ಬರುವುದು ಈಚಿನ ಸಂಗತಿಯಲ್ಲ. ಕಾಫಿ ಗಿಡವೇ ಹೊರಗಿನದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ಸೀಮೆಯವರೆಲ್ಲ ಬಲ್ಲ ಐತಿಹ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ತೋಟಗಳೆದ್ದಾಗ ಘಟ್ಟದ ಕೆಳಗಿನ ತುಳುನಾಡಿನಿಂದ, ತಮಿಳು ಸೀಮೆಯಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ಕರೆತಂದರು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು ಬ್ರಿಟಿಷರು 1859ರಲ್ಲಿ ಒಂದು ಕಾನೂನನ್ನೇ ಮಾಡಿದ್ದರು. 1925ರಲ್ಲಿ ಅದು ರದ್ದಾಯಿತು.

ಆ ತಲೆಮಾರಿನವರ ಮಕ್ಕಳು ಓದಿ ಬೆಂಗಳೂರು ಸೇರಿದರು. ಕಾರ್ಖಾನೆ, ಕಟ್ಟಡ ಕೆಲಸ, ಅಂಗಡಿಗಳು ವರ್ಷಪೂರ್ತಿ ಕೂಲಿ ಕೊಡುತ್ತವೆ. ತೋಟದ ಕೆಲಸ ಮಳೆ, ಜಿಗಣೆ, ಚಳಿಯ ಕೆಲಸ. ಲೈನ್ ಮನೆಗಳು ಖಾಲಿಯಾದವು. ಖಾಲಿಯಾದ ಜಾಗಕ್ಕೆ ಸುಮಾರು ಮೂರು ಸಾವಿರ ಕಿಲೋಮೀಟರ್ ರೈಲು ಪ್ರಯಾಣ ಮಾಡಿ ಅಸ್ಸಾಮಿನವರು ಬಂದರು. ಬ್ರಹ್ಮಪುತ್ರೆ ವರ್ಷವರ್ಷ ಕೊರೆದು ನುಂಗುವ ನದೀದಿಣ್ಣೆಗಳ ರೈತರು ಅವರಲ್ಲಿದ್ದಾರೆ. ಚಹಾ ತೋಟಗಳಲ್ಲಿ ಹುಟ್ಟಿ ಬೆಳೆದ ಆದಿವಾಸಿಗಳೂ ಇದ್ದಾರೆ. ಇವರನ್ನು ಕರೆದವರು ನಾವೇ ಎಂಬುದನ್ನು ಮರೆಯಬಾರದು.

ಅಸ್ಸಾಮಿನಲ್ಲಿ ನಡೆದದ್ದು

ಈ ಸಂಶಯದ ಬೇರು ಅಸ್ಸಾಮಿನಲ್ಲಿದೆ. ಅದನ್ನು ತಿಳಿಯದೆ ಲೈನ್ ಮನೆಯ ಮುಂದಿನ ಜಗಳ ಅರ್ಥವಾಗುವುದಿಲ್ಲ.

1979ರಲ್ಲಿ ಮಂಗಲ್‌ದೋಯಿ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ವಿದೇಶಿಯರ ಹೆಸರಿದೆ ಎಂಬ ದೂರಿನಿಂದ ಅಲ್ಲಿ ವಿದ್ಯಾರ್ಥಿ ಚಳವಳಿ ಎದ್ದಿತು. ಅಖಿಲ ಅಸ್ಸಾಂ ವಿದ್ಯಾರ್ಥಿ ಸಂಘದ ಮುಂದಾಳುತನದಲ್ಲಿ ಆರು ವರ್ಷ ಬಂದ್, ಸತ್ಯಾಗ್ರಹ, ತೈಲ ಸಾಗಣೆಗೆ ತಡೆ ನಡೆದವು. 1983ರ ಫೆಬ್ರವರಿ 18ರಂದು ನೆಲ್ಲಿ ಎಂಬಲ್ಲಿ ಸುಮಾರು ಎರಡು ಸಾವಿರ ಜನ, ಹೆಚ್ಚಾಗಿ ಬಂಗಾಳಿ ಮೂಲದ ಮುಸ್ಲಿಂ ರೈತ ಕುಟುಂಬದವರು, ಕೊಲೆಯಾದರು. 1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದ ಚಳವಳಿಗೆ ತೆರೆ ಎಳೆಯಿತು. 1971ರ ಮಾರ್ಚ್ 24ರ ನಂತರ ಬಂದವರನ್ನು ಗುರುತಿಸಿ ಹೊರಕಳಿಸುವುದೆಂದು ನಿರ್ಧಾರವಾಯಿತು. ಈ ಗಡುವನ್ನು ಪೌರತ್ವ ಕಾಯ್ದೆಗೆ ಸೇರಿಸಿದ 6ಎ ಕಲಮನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 17ರಂದು ಎತ್ತಿಹಿಡಿದಿದೆ.

ಪೌರತ್ವ ನೋಂದಣಿಯ ಪಟ್ಟಿ ಹೊರಬಿದ್ದದ್ದು 2019ರ ಆಗಸ್ಟ್ 31ರಂದು. ಅರ್ಜಿ ಹಾಕಿದ ಸುಮಾರು 3 ಕೋಟಿ 30 ಲಕ್ಷ ಜನರಲ್ಲಿ 19,06,657 ಮಂದಿಯ ಹೆಸರು ಬಿಟ್ಟುಹೋಯಿತು. ಪ್ರವಾಹದಲ್ಲಿ ಕಾಗದ ಕಳೆದುಕೊಂಡವರು, ಹೆಸರಿನ ಅಕ್ಷರ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದ್ದವರು, ಶಾಲೆ ಕಾಣದೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ತವರಿನ ಸಂಬಂಧಕ್ಕೆ ದಾಖಲೆ ಇಲ್ಲದ ಹೆಂಗಸರು ಇಂಥವರಲ್ಲಿದ್ದರು. ಅಣ್ಣನ ಹೆಸರಿದ್ದು ತಂಗಿಯದು ಇಲ್ಲದ ಮನೆಗಳೂ ಇದ್ದವು. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಯಾರೂ ವಿದೇಶಿ ಆಗುವುದಿಲ್ಲ. ಅದನ್ನು ತೀರ್ಮಾನಿಸುವುದು ಅಲ್ಲಿಯ ವಿದೇಶಿಯರ ನ್ಯಾಯಮಂಡಳಿ ಮತ್ತು ಅದರ ಮೇಲಿನ ನ್ಯಾಯಾಲಯಗಳು.

ಅದೇ ವರ್ಷದ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಪ್ರತಿಭಟನೆ ದೇಶಕ್ಕೆಲ್ಲ ಹಬ್ಬಿತು. ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಅಸ್ಸಾಮಿನಲ್ಲೂ ಪ್ರತಿಭಟನೆಯಾಯಿತು, ಆದರೆ ಕಾರಣ ಬೇರೆ. ಯಾವ ಧರ್ಮದ ವಲಸಿಗರೂ ಬೇಡವೆಂಬುದು ಅಲ್ಲಿಯವರ ವಾದ.

ನಮ್ಮ ರಾಜ್ಯದಲ್ಲಿ

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರದೆಂಬ ಸಂಶಯದಿಂದ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾ ಕಡೆಯವರಲ್ಲದೆ ನಮ್ಮ ಉತ್ತರ ಕರ್ನಾಟಕದ ಕೂಲಿಗಾರರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಗಿ, ಮುಂದಿನ ತೆರವಿಗೆ ತಡೆಯಾಯಿತು. ಅದೇ ತಿಂಗಳು ಕೊಡಗಿನಲ್ಲಿ ಪೊಲೀಸರು ಹೊರರಾಜ್ಯದ ಸಾವಿರಾರು ತೋಟದ ಕಾರ್ಮಿಕರನ್ನು ಕರೆಸಿ ದಾಖಲೆ ಪರಿಶೀಲಿಸಿದರು. ಕುಯಿಲಿನ ನಡುಮಧ್ಯೆ ಒಂದು ದಿನದ ಕೂಲಿ ಬಿಟ್ಟು ಕಾರ್ಮಿಕರು ಸಾಲು ನಿಂತರು.

2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ, ಅಕ್ರಮ ವಲಸಿಗರೆಂದು ಸಂಶಯ ಬಂದವರ ದಾಖಲೆಯನ್ನು 30 ದಿನಗಳಲ್ಲಿ ಪರಿಶೀಲಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಅವಸರದಲ್ಲಿ ಎಡವಟ್ಟೂ ಆಯಿತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ಕುಟುಂಬದೊಡನೆ ದೆಹಲಿಯಲ್ಲಿ ಹಿಡಿದು 2025ರ ಜೂನಿನಲ್ಲಿ ಗಡಿಯಾಚೆ ದಾಟಿಸಲಾಯಿತು. ಕಲ್ಕತ್ತಾ ಹೈಕೋರ್ಟ್ ವಾಪಸು ಕರೆತರಲು ಸೆಪ್ಟೆಂಬರಿನಲ್ಲಿ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಡಿಸೆಂಬರಿನಲ್ಲಿ ಅವಳೂ ಅವಳ ಮಗನೂ ಮರಳಿ ಬಂದರು. ಕೂಲಿಗೆಂದು ಊರು ಬಿಟ್ಟ ಸಂಸಾರ ಆರು ತಿಂಗಳು ಪರದೇಶದ ಪಾಲಾಯಿತು.

ಹಳೆಯ ಪಾಠವೊಂದು

ತೋಟದ ಆಳಿಗೆ ದೇಶವೇ ಇಲ್ಲದಂತಾದ ಕಥೆ ನಮಗೆ ಹತ್ತಿರದ್ದೇ. ಸಿಂಹಳದ ಬೆಟ್ಟಗಳಲ್ಲಿ ಮೊದಲಿಗೆ ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅದನ್ನು ನುಂಗಿದ ಮೇಲೆ ಚಹಾ ಬಂತು. ದುಡಿಯಲು ಹೋದವರು ತಮಿಳುನಾಡಿನ ಬಡವರು. ತಲೆಮಾರುಗಳು ಅಲ್ಲೇ ಹುಟ್ಟಿ ಬೆಳೆದರೂ 1948ರ ಪೌರತ್ವ ಕಾನೂನು ಅವರಲ್ಲಿ ಬಹುಪಾಲಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತ, 3,00,000 ಜನರನ್ನು ಸಿಂಹಳ ತೆಗೆದುಕೊಳ್ಳುವುದೆಂದು ಆಯಿತು. ಹಾಗೆ ಮರಳಿದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಘಟ್ಟ ಇಳಿದರೆ ಅವರ ಮಕ್ಕಳು ಮೊಮ್ಮಕ್ಕಳನ್ನು ಕಾಣಬಹುದು. ದುಡಿಮೆಗೆ ಬೇಕಾದವರು ಕಾಗದಕ್ಕೆ ಬೇಡವಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಚಿನ ಉದಾಹರಣೆ ಅಮೆರಿಕದ್ದು. 2025ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಲಸೆ ಇಲಾಖೆಯವರು ದಾಳಿ ನಡೆಸಿದಾಗ ಲಾಸ್ ಏಂಜಲಿಸ್ ನಗರದಲ್ಲಿ ದೊಡ್ಡ ಪ್ರತಿಭಟನೆ ಎದ್ದಿತು, ಅಧ್ಯಕ್ಷರು ನ್ಯಾಷನಲ್ ಗಾರ್ಡ್ ಪಡೆ ಇಳಿಸಿದರು. ಅಲ್ಲಿಂದ ಹತ್ತಿರದ ವೆಂಚುರಾ ಜಿಲ್ಲೆಯ ಹೊಲಗಳಿಗೂ ಅಧಿಕಾರಿಗಳು ಬಂದಾಗ ಸ್ಟ್ರಾಬೆರಿ ಕೀಳುವ ಅನೇಕರು ಹೆದರಿ ಮನೆಯಲ್ಲೇ ಉಳಿದರು. ಹಣ್ಣು ಯಾವ ದೇಶದ್ದಾದರೂ ಕೀಳುವ ಕೈ ಹೆದರಿದರೆ ಗಿಡದಲ್ಲೇ ಕೊಳೆಯುತ್ತದೆ.

ಕಾನೂನು ಏನು ಹೇಳುತ್ತದೆ

ಅಪ್ಪಣೆಯಿಲ್ಲದೆ ದೇಶದೊಳಗೆ ಬರುವುದು ಅಪರಾಧ. ಅದನ್ನು ತಡೆಯುವುದು ಸರಕಾರದ ಹಕ್ಕೂ ಹೌದು, ಕರ್ತವ್ಯವೂ ಹೌದು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾನೂನುಗಳ ಜಾಗಕ್ಕೆ ಬಂದಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಸುಳಿದ ವಿದೇಶಿಗೆ ಐದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ಉಂಟು. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ, ಹಳೆಯ ಕಾನೂನಿನಂತೆಯೇ, ಸಂಶಯಕ್ಕೊಳಗಾದವನ ಮೇಲಿದೆ. ಬಡವನ ಕಾಗದಕ್ಕೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಕೆಲವು ತಪ್ಪು ತಿಳಿವಳಿಕೆಗಳನ್ನು ತಿದ್ದಿಕೊಳ್ಳಬೇಕು.

ಬಂಗಾಳಿ ಮಾತನಾಡಿದ ಮಾತ್ರಕ್ಕೆ ಬಾಂಗ್ಲಾದೇಶಿ ಅಲ್ಲ. ಬಂಗಾಳಿ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ಅದು ಆಡಳಿತ ಭಾಷೆ. ಕಾಸರಗೋಡಿನ ಕನ್ನಡಿಗನ ಮಾತು ಕೇಳಿ ಅವನ ರಾಜ್ಯ ಹೇಳಲಾಗದು, ಇದೂ ಹಾಗೆಯೇ.

ಆಧಾರ್ ಕಾರ್ಡು ಗುರುತಿನ ದಾಖಲೆ, ಪೌರತ್ವದ ದಾಖಲೆಯಲ್ಲ. ಕಾರ್ಡು ಇದೆಯೆಂದು ನಿಶ್ಚಿಂತರಾಗುವುದೂ ತಪ್ಪು, ಇಲ್ಲವೆಂದು ವಿದೇಶಿ ಎನ್ನುವುದೂ ತಪ್ಪು.

ಕಾಗದ ಕೇಳುವ ಅಧಿಕಾರ ಪೊಲೀಸರಿಗೆ ಮತ್ತು ಕಾನೂನು ನೇಮಿಸಿದ ಅಧಿಕಾರಿಗಳಿಗೆ ಮಾತ್ರ. ಸಂಘಟನೆಯವರು ಯಾರೇ ಆಗಲಿ, ಯಾವ ಬಣ್ಣದ ಶಾಲು ಹೊದ್ದಿರಲಿ, ಲೈನ್ ಮನೆಗೆ ನುಗ್ಗಿ ತಪಾಸಣೆ ಮಾಡುವಂತಿಲ್ಲ. ಒಬ್ಬನನ್ನು ದಾರಿಯಲ್ಲಿ ಅಡ್ಡಗಟ್ಟುವುದು, ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 127ನೆಯ ಕಲಮುಗಳ ಪ್ರಕಾರ ಅಪರಾಧ. ಸಂಶಯವಿದ್ದರೆ ಠಾಣೆಗೆ ದೂರು ಕೊಡುವ ದಾರಿ ಇದೆ. ಶಾಂತವಾಗಿ, ನಿರಾಯುಧರಾಗಿ ಸಭೆ ಸೇರಿ ಬೇಡಿಕೆ ಹೇಳುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ಎಲ್ಲ ನಾಗರಿಕರಿಗೆ ಕೊಟ್ಟಿದೆ. ದೇಶದ ಯಾವ ಮೂಲೆಗಾದರೂ ಹೋಗಿ ದುಡಿಯುವ ಹಕ್ಕನ್ನು ಅದೇ ಅನುಚ್ಛೇದ ಅಸ್ಸಾಮಿನ ನಾಗರಿಕನಿಗೂ ಕೊಟ್ಟಿದೆ. ಜೀವ ಮತ್ತು ಸ್ವಾತಂತ್ರ್ಯಕ್ಕೆ 21ನೆಯ ಅನುಚ್ಛೇದದ ರಕ್ಷಣೆ ನಾಗರಿಕರಲ್ಲದವರಿಗೂ ಉಂಟು.

ಮರೆತ ಪುಸ್ತಕ

ಈ ಗಲಾಟೆಯಲ್ಲಿ ನಮ್ಮ ಪಾಲೂ ಇದೆಯೆಂದು ಹೇಳದೆ ವಿಧಿಯಿಲ್ಲ. ಒಡಿಶಾದ 'ದಾದನ್' ಕೂಲಿಗಾರರ ಶೋಷಣೆ ಬೆಳಕಿಗೆ ಬಂದ ಮೇಲೆ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಆಳು ತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಪ್ರತಿ ಕಾರ್ಮಿಕನಿಗೂ ಭಾವಚಿತ್ರವಿರುವ ಪಾಸ್ ಪುಸ್ತಕ ಕೊಡಬೇಕು, ಪ್ರಯಾಣದ ಖರ್ಚು ಕೊಡಬೇಕು ಎಂದು ಅದರಲ್ಲಿತ್ತು. ಆ ಪಾಸ್ ಪುಸ್ತಕವನ್ನು ಕಂಡ ತೋಟದ ಕಾರ್ಮಿಕರು ಎಷ್ಟು ಮಂದಿ? ಫೋನಿನಲ್ಲಿ ಮೇಸ್ತ್ರಿಗೆ ಹೇಳುವುದು, ಅವನು ಮೂವತ್ತು ಜನರನ್ನು ತಂದಿಳಿಸುವುದು, ಹಾಜರಿ ಪುಸ್ತಕದಲ್ಲಿ ಅಡ್ಡಹೆಸರು ಬರೆದುಕೊಳ್ಳುವುದು: ಅನೇಕ ಕಡೆ ನಡೆದದ್ದು ಇಷ್ಟೇ. ಬಂದವನು ಯಾವ ಜಿಲ್ಲೆ, ಯಾವ ಊರಿನವನೆಂದು ಮಾಲೀಕನಿಗೇ ತಿಳಿಯದಿದ್ದರೆ ಪಕ್ಕದವನಿಗೆ ಸಂಶಯ ಬರುವುದು ಸಹಜ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1979ರ ಕಾಯ್ದೆಯೂ 1951ರ ತೋಟ ಕಾರ್ಮಿಕರ ಕಾಯ್ದೆಯೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸೇರಿಹೋದವು. ವಲಸೆ ಕಾರ್ಮಿಕರ ನಿಯಮ ಹತ್ತು ಅಥವಾ ಹೆಚ್ಚು ಹೊರರಾಜ್ಯದವರಿರುವ ಕಡೆ ಅನ್ವಯಿಸುತ್ತದೆ. ಚಿಕ್ಕ ಬೆಳೆಗಾರರಲ್ಲಿ ಬಹಳ ಮಂದಿ ಇದರ ಹೊರಗುಳಿಯಬಹುದು. ಆದರೂ ಲೆಕ್ಕ ಇಟ್ಟುಕೊಳ್ಳುವುದರಿಂದ ನಷ್ಟವೇನಿಲ್ಲ.

ಬೆಳೆಗಾರರು ಮಾಡಬಹುದಾದ್ದು

1. ಕುಯಿಲು ಶುರುವಾಗುವ ಮೊದಲೇ, ಆಳು ಬಂದಿಳಿದ ದಿನವೇ, ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಊರು, ಅಂಚೆ, ಪೊಲೀಸ್ ಠಾಣೆ, ಜಿಲ್ಲೆ, ಮನೆಯವರ ಫೋನ್ ನಂಬರು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಭಾವಚಿತ್ರ ಅಂಟಿಸಿ.

2. ಆಧಾರ್, ಮತದಾರರ ಚೀಟಿ, ಪಡಿತರ ಚೀಟಿ, ಅಸ್ಸಾಮಿನವರಾದರೆ ಪೌರತ್ವ ನೋಂದಣಿಯ ದಾಖಲೆ: ಇದ್ದಷ್ಟರ ನಕಲು ಇಟ್ಟುಕೊಳ್ಳಿ. ಮೂಲಪ್ರತಿಯನ್ನು ಆ ಗಳಿಗೆಯೇ ಹಿಂದಿರುಗಿಸಿ. ಆಳು ಓಡಿಹೋಗಬಾರದೆಂದು ಮೂಲ ಕಾಗದ ಹಿಡಿದಿಡುವವರು, ಅವನು ಠಾಣೆಯಲ್ಲಿ ಬರಿಗೈಯಲ್ಲಿ ನಿಲ್ಲುವಂತೆ ಮಾಡುತ್ತಾರೆ.

3. ಪಟ್ಟಿಯ ಒಂದು ಪ್ರತಿಯನ್ನು ಹತ್ತಿರದ ಠಾಣೆಗೆ ನೀವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಶೀಲನೆ ಬೇಕಿದ್ದರೆ ಕುಯಿಲಿಗೆ ಮೊದಲು, ಹಗಲಿನಲ್ಲಿ, ತೋಟದಲ್ಲೇ ನಡೆಸುವಂತೆ ಬೆಳೆಗಾರರ ಸಂಘದ ಮೂಲಕ ಮನವಿ ಮಾಡಿ. ಒಬ್ಬೊಬ್ಬರೇ ಕೇಳುವುದಕ್ಕಿಂತ ಹೋಬಳಿಯವರೆಲ್ಲ ಸೇರಿ ಕೇಳಿದರೆ ಬೆಲೆ ಹೆಚ್ಚು.

4. ಕೂಲಿಯನ್ನು ಮೇಸ್ತ್ರಿಯ ಕೈಗೆ ಕೊಡದೆ ಕಾರ್ಮಿಕನ ಖಾತೆಗೋ ಕೈಗೋ ಕೊಡಿ, ಕುಯ್ದ ಕಿಲೋ ಲೆಕ್ಕ ಅವನ ಚೀಟಿಯಲ್ಲೂ ಇರಲಿ. ದಾಖಲೆಯ ಭಯ ತೋರಿಸಿ ಕೂಲಿ ಹಿಡಿಯುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ. ಕಡಿಮೆ ಕೂಲಿಗೆ ಸಿಗುತ್ತಾನೆಂದು ಕಾಗದವಿಲ್ಲದವನನ್ನು ಹುಡುಕುವ ಚಾಳಿಯಂತೂ ಸ್ಥಳೀಯ ಆಳಿನ ಹೊಟ್ಟೆಗೂ ಹೊಡೆತ.

5. ಗುಂಪು ಬಂದು ಕಾಗದ ಕೇಳಿದರೆ ವಾದಕ್ಕಿಳಿಯದೆ ಠಾಣೆಗೆ ತಿಳಿಸಿ. ಪೊಲೀಸರು ಯಾರನ್ನಾದರೂ ಕರೆದೊಯ್ದರೆ ಹೆಸರು, ಕಾರಣ, ಎಲ್ಲಿಗೆ ಎಂಬುದನ್ನು ಬರೆದುಕೊಳ್ಳಿ, ರೈಟರನ್ನು ಜೊತೆಗೆ ಕಳಿಸಿ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಬಡ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100 ಸಹಾಯವಾಣಿಗೆ ಕರೆ ಮಾಡಬಹುದು.

6. ದಾಖಲೆ ನಿಜವಾಗಿಯೂ ಸುಳ್ಳೆಂದು ಕಂಡುಬಂದರೆ ಮುಚ್ಚಿಡಬೇಡಿ. ಒಬ್ಬನ ಸುಳ್ಳು ಕಾಗದ ಉಳಿದ ಮೂವತ್ತು ಜನರ ನಿಜವಾದ ಕಾಗದಕ್ಕೂ ಸಂಶಯ ತರುತ್ತದೆ.

7. ಲೈನ್ ಮನೆಯ ಮಕ್ಕಳನ್ನು ಅಂಗನವಾಡಿಗೆ, ಶಾಲೆಗೆ ಸೇರಿಸಿ. ಶಾಲೆಯ ದಾಖಲೆ ಇಲ್ಲದ ಹುಡುಗಿಯರೇ ಮುಂದೆ ತಾವು ಯಾರ ಮಕ್ಕಳೆಂದು ತೋರಿಸಲಾಗದೆ ಅಲೆಯುವವರು.

ಕಾಫಿಗೆ ಈಚಿನ ವರ್ಷಗಳಲ್ಲಿ ಹಿಂದೆಂದೂ ಕಾಣದ ಬೆಲೆ ಬಂದದ್ದನ್ನು ಬೆಳೆಗಾರರು ನೋಡಿದ್ದಾರೆ. ಗೊಬ್ಬರಕ್ಕೆ, ಸ್ಪ್ರಿಂಕ್ಲರಿಗೆ, ಕಣದ ಸಿಮೆಂಟಿಗೆ ಖರ್ಚು ಮಾಡುವಾಗ ಒಂದು ದಪ್ಪ ಪುಸ್ತಕಕ್ಕೂ ಅದನ್ನು ತುಂಬುವ ಎರಡು ದಿನಕ್ಕೂ ಖರ್ಚು ಹಾಕಿದರೆ ಹೆಚ್ಚಾಗದು. ದೇಶದ ಗಡಿ ಕಾಯುವುದು ಸರಕಾರದ ಕೆಲಸ. ತೋಟದ ಗೇಟಿನೊಳಗೆ ಯಾರು ದುಡಿಯುತ್ತಿದ್ದಾರೆಂದು ತಿಳಿದಿರುವುದು, ದುಡಿದವನ ಕೂಲಿಗೂ ಮಾನಕ್ಕೂ ಹೊಣೆಯಾಗುವುದು ನಮ್ಮ ಕೆಲಸ. ಮುಂದಿನ ಕುಯಿಲಿಗೆ ಮೇಸ್ತ್ರಿಗೆ ಫೋನು ಮಾಡುವ ಮುಂಚೆ ಆ ಪುಸ್ತಕ ಸಿದ್ಧವಾಗಿರಲಿ.